ಹೊಂಬಾಳಯ್ಯನ ಕಾವು

ನಮ್ಮೂರಿನಲ್ಲಿ ಮಗು ಹುಟ್ಟಿದರೆ ಎಲ್ಲರಿಗೂ ಒಂದು ಸಲ ಮೈ ಜುಮ್ಮೆನ್ನುತ್ತದೆ. ರಾಗಿ ಬೀಸುತ್ತಿದ್ದವಳು ಗೂಟ ಹಿಡಿದುಕೊಂಡು ಸುಮ್ಮನಾಗುತ್ತಾಳೆ, ಮಗ್ಗದ ಮುಂದೆ ಕೂತವನು ಲಾಳಿಯನ್ನು ಕೈಯಲ್ಲೇ ಇಟ್ಟುಕೊಂಡು ತಲೆ ಎತ್ತುತ್ತಾನೆ. ಎಲ್ಲರ ಮೈಯಿಂದಲೂ ಒಂದು ಚಿಟಿಕೆ ಕಾವು ಎದ್ದು ಹೋಗಿರುತ್ತದೆ. "ಬಂತು ಕಣ್ರೇ!" ಅಂತ ಯಾರಾದರೂ ಬೀದಿಯಲ್ಲಿ ಕೂಗುತ್ತಾರೆ. ಆಮೇಲೆ ಕೈ ಉಜ್ಜಿಕೊಂಡು ಎಲ್ಲರೂ ಅವರವರ ಕೆಲಸಕ್ಕೆ ತಿರುಗುತ್ತೇವೆ. ನಾನು ಎಷ್ಟು ಸಲ ಹೀಗೆ ಜುಮ್ಮೆಂದಿದ್ದೇನೋ ದೇವರಿಗೇ ಗೊತ್ತು, ಒಂದು ಸಲವೂ ಕಣ್ಣು ತುಂಬದೆ ಇದ್ದದ್ದಿಲ್ಲ. ಎಲ್ಲೋ ಆಚೆ ಬೀದಿಯಲ್ಲಿ, ನಾನು ಮುಖವನ್ನೂ ಕಾಣದ ಕೂಸಿನ ಮೈಯಲ್ಲಿ ನನ್ನದೂ ಒಂದಿಷ್ಟು ಬಿಸಿ ಇದೆಯಲ್ಲ ಅಂತ.

ಊರಿನ ಕಾವು ಊರಲ್ಲೇ. ನಮ್ಮೂರಿಗೆ ಯಾರೂ ಬರುವುದಿಲ್ಲ, ನಮ್ಮೂರಿಂದ ಯಾರೂ ಹೋಗುವುದಿಲ್ಲ. ಬಿಸಿಲೊಂದು ಬರುತ್ತದೆ, ಬಂದಷ್ಟೂ ರಾತ್ರಿ ಎದ್ದು ಹೋಗುತ್ತದೆ, ಅದರ ತಂಟೆಗೆ ನಾವು ಹೋಗುವುದಿಲ್ಲ. ಮಿಕ್ಕಿದ್ದೆಲ್ಲ ಇಲ್ಲೇ ಸುತ್ತಾಡಿಕೊಂಡಿರುತ್ತದೆ. ನಾನು ಒಲೆ ಹೊತ್ತಿಸಿ ಎಸರಿಟ್ಟರೆ ಪಕ್ಕದ ಮನೆ ಜವನಮ್ಮನ ಕಾಲ ಕೆಳಗೆ ನೆಲ ತಣ್ಣಗಾಗುತ್ತದೆ. ಅದಕ್ಕೇ ಕೇಳದೆ ಒಲೆ ಹೊತ್ತಿಸುವ ಹಾಗಿಲ್ಲ. ಗೋಡೆಯ ಮೇಲಿಂದ ಕತ್ತು ಚಾಚಿ "ತಗೋತೀನಿ ಕಣೇ" ಅನ್ನಬೇಕು, ಅವಳು "ತಗೋ" ಅನ್ನಬೇಕು. ಜವನಮ್ಮನಿಗೆ ನನ್ನ ಮೇಲೆ ಮುನಿಸಿದ್ದ ದಿನ "ತಗೋ" ಅನ್ನುವುದಕ್ಕೆ ಬೇಕೆಂದೇ ಹೊತ್ತು ಮಾಡುತ್ತಾಳೆ, ನಾನು ಅಕ್ಕಿ ಕೈಯಲ್ಲಿ ಹಿಡಿದುಕೊಂಡು ನಿಂತಿರಬೇಕು. ಮದುವೆ ಮನೆಯ ಒಲೆಗಳು ಉರಿದ ದಿನವಂತೂ ಇಡೀ ಬೀದಿ ನಡುಮಧ್ಯಾಹ್ನ ಕಂಬಳಿ ಹೊದ್ದು ಗಡಗಡ ನಡುಗುತ್ತಿರುತ್ತದೆ. ಮದುವೆ ಮನೆಯವರನ್ನು ಬಾಯ್ತುಂಬ ಬೈದುಕೊಂಡು ಅವರ ಮನೆಗೇ ಊಟಕ್ಕೆ ಹೋಗುತ್ತೇವೆ. ಊಟ ಬಿಸಿಯಾಗಿರುತ್ತದೆ, ನಮ್ಮದೇ ಕಾವು ತಾನೆ, ಎರಡು ಸಲ ಬಡಿಸಿಕೊಳ್ಳುತ್ತೇವೆ.

ಊರ ನಡುವೆ ಹಂಡೆಮನೆ ಅಂತ ಒಂದಿದೆ. ಸಾಲಾಗಿ ತಾಮ್ರದ ಹಂಡೆಗಳು, ಒಂದೊಂದರಲ್ಲೂ ಒಬ್ಬ ಆಳು ಮುಳುಗುವಷ್ಟು ನೀರು. ಕಾವು ಹೆಚ್ಚಾದವರು ಅಲ್ಲಿ ತಂದು ಬಿಡುತ್ತಾರೆ, ಕಡಿಮೆಯಾದವರು ಅಲ್ಲಿಂದ ಒಯ್ಯುತ್ತಾರೆ. ಜ್ವರ ಬಂದವರನ್ನು ಕಂಬಳಿಯಲ್ಲಿ ಸುತ್ತಿ ಅಲ್ಲಿಗೇ ಹೊತ್ತು ತರುವುದು, ಸಿಟ್ಟು ನೆತ್ತಿಗೇರಿದವರನ್ನು ರಟ್ಟೆ ಹಿಡಿದು ಅಲ್ಲಿಗೇ ಎಳೆದು ತರುವುದು. ನಮ್ಮ ಯಜಮಾನರು ಒಂದು ಕೈಯಲ್ಲಿ ಅವರ ಪಾದ ಹಿಡಿದು ಇನ್ನೊಂದು ಕೈಯನ್ನು ಹಂಡೆಯ ನೀರಿನಲ್ಲಿ ಅದ್ದಿ ಕೂರುತ್ತಿದ್ದರು. ನೋಡನೋಡುತ್ತ ಜ್ವರ ಇಳಿಯುತ್ತಿತ್ತು, ಹಂಡೆಯಿಂದ ಹಬೆ ಏಳುತ್ತಿತ್ತು. ಅವರ ಹೆಸರು ಹೊಂಬಾಳಯ್ಯ. ಅವರು ಇದ್ದಷ್ಟು ದಿನ ನಾನು ಹೆಸರು ಹಿಡಿದು ಹೇಳಿದವಳಲ್ಲ. ಈಗ ಹೇಳಿದರೆ ಬಾಯಿಗೆ ಹಿತವಾಗುತ್ತದೆ, ಅದಕ್ಕೇ ಹೇಳುತ್ತೇನೆ.

ಹೊಂಬಾಳಯ್ಯನವರ ಕೈ ಸದಾ ತಣ್ಣಗೆ. ಬೆಳಗಾಗೆದ್ದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು, ಬಂದು ನನ್ನ ಕೈಯಿಂದ ನೀರಿನ ಚೊಂಬು ತೆಗೆದುಕೊಳ್ಳುವಾಗ ಬೆರಳು ತಾಗಿದರೆ ಬಾವಿಕಟ್ಟೆ ಮುಟ್ಟಿದ ಹಾಗಿರುತ್ತಿತ್ತು. "ಊರಿಗೆಲ್ಲ ಬಿಸಿನೀರು, ನಂಗೆ ಮಾತ್ರ ಈ ತಣ್ಣನೆ ಕೈಯಾ?" ಅಂತ ನಾನು ರೇಗುತ್ತಿದ್ದೆ. ಅವರು ಕೈ ಹಿಂದಕ್ಕೆಳೆದು ಪಂಚೆಗೆ ಒರೆಸಿಕೊಳ್ಳುವರು, ಒರೆಸಿದರೆ ತಂಪು ಹೋಗುತ್ತದೇನೋ ಅನ್ನುವ ಹಾಗೆ. ಮಾತಿನ ಮನುಷ್ಯರೇ ಅಲ್ಲ ಅವರು. ಏನು ಕೇಳಿದರೂ "ನೋಡಾನ" ಅನ್ನುವರು. ಅರಳಿಕಟ್ಟೆಯ ಮೇಲೆ ಕೂತು ಊರವರೆಲ್ಲ ಹರಟುವಾಗಲೂ ಅವರು ಯಾರದೋ ಕಾಲು ಹಿಡಿದು ಹಂಡೆಯ ಪಕ್ಕ ಕೂತಿರುತ್ತಿದ್ದರು.

ಒಂದೇ ಒಂದು ಸಲ ಅವರಾಗಿ ಮಾತು ತೆಗೆದದ್ದು ನೆನಪಿದೆ. ಅನ್ನದ ಮಡಕೆಯ ಮುಚ್ಚಳ ಕುಣಿಯುತ್ತದೆ ಅಂತ ನಾನು ಅದರ ಮೇಲೆ ಗುಂಡುಕಲ್ಲು ಹೇರಿದ್ದೆ. ಕಲ್ಲಿನ ಸಮೇತ ಮುಚ್ಚಳ ಏಳುತ್ತಿತ್ತು, ಬೀಳುತ್ತಿತ್ತು. ಅವರು ಗೋಡೆಗೊರಗಿ ಅದನ್ನೇ ನೋಡುತ್ತಿದ್ದರು. ಕಣ್ಣು ಎಷ್ಟಗಲ ಆಗಿತ್ತೆಂದರೆ ಮೊದಲ ಸಲ ಒಲೆ ಕಂಡ ಕೂಸಿನ ಹಾಗೆ.

"ತಾಯೀ, ನೋಡ್ದ್ಯಾ?" ಅಂದರು, ನನ್ನ ಹೆಸರು ಹಿಡಿದು. "ಆ ಕಲ್ಲು ಎತ್ತೋಕೆ ಕಾವು ಹೋಗ್ತಾ ಇದೆ. ಎತ್ತಿದ್ದಷ್ಟು ಅನ್ನಕ್ಕೆ ಸಿಗಲ್ಲ."

"ಸಿಗದಿದ್ರೆ ಎಲ್ಲಿಗೆ ಹೋಯ್ತು? ಊರಲ್ಲಿ ಯಾವ್ದೂ ಕಳ್ಯಲ್ಲ ಅಂತೀರಿ."

"ಕಳ್ದಿಲ್ಲ. ಕಲ್ಲು ಮೇಲೆ ಐತಲ್ಲ."

"ಅಯ್ಯೋ, ನಿಮ್ಮ ಕಲ್ಲಿಗಿಷ್ಟು! ಉಣ್ಣೋಕೆ ಕೂತ್ಕೊಳಿ" ಅಂದೆ. ಅನ್ನ ಬೇಯುವುದು ತಡವಾಗಿತ್ತು, ನನಗೆ ಹಸಿವಾಗಿತ್ತು. ಅವರು ಕೂತು ಉಂಡರು. ಆ ಮಾತು ಅಲ್ಲಿಗೇ ನಿಂತಿತು.

ನಮ್ಮ ಮನೆಯ ಕಥೆಯನ್ನೂ ಹೇಳಬೇಕು. ಕಲ್ಲುಗೋಡೆಯ, ಮಣ್ಣು ಮಾಳಿಗೆಯ ಹಳೇ ಮನೆ. ಬಾಗಿಲಿರುವ ಮುಂದಿನ ಮೂಲೆ ನಾನು ಸೊಸೆಯಾಗಿ ಬಂದ ವರ್ಷದಿಂದ ಕುಸಿಯುತ್ತ ಬಂದಿತ್ತು. ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಉಜ್ಜಿ ಉಜ್ಜಿ ನೆಲದ ಚಪ್ಪಡಿಯ ಮೇಲೆ ಕುಡುಗೋಲಿನಂಥ ಗೀರು ಬಿದ್ದಿತ್ತು. ದಿನಾ ಸಂಜೆ ನಾನು ಬಲಭುಜ ಕೊಟ್ಟು ಬಾಗಿಲನ್ನು ಮೇಲಕ್ಕೆತ್ತಿ, ಸೊಂಟದಿಂದ ದಬ್ಬಿ ಮುಚ್ಚಬೇಕು. ಒಳಗೆ ಉರುಳಿದ್ದೆಲ್ಲ ಆ ಮೂಲೆಗೇ ಹೋಗಿ ಸೇರುತ್ತಿತ್ತು, ನಿಂಬೆಹಣ್ಣು, ನೂಲಿನ ಉಂಡೆ, ಎಲ್ಲ. ಬಿಂದಿಗೆ ನೆಟ್ಟಗೆ ನಿಲ್ಲಲಿ ಅಂತ ಅದರ ಅಡಿಗೆ ಒಂದು ಮರದ ಚಕ್ಕೆ ಕೊಟ್ಟಿದ್ದೆ. "ನಾಲ್ಕು ಜನ ಕರ್ದು ಆ ಮೂಲೆ ಎತ್ತಿಸ್ರೀ, ನನ್ನ ಭುಜ ಬಿದ್ದೋಯ್ತು" ಅಂದರೆ ಅವರದು ಅದೇ ಉತ್ತರ, "ನೋಡಾನ." ನಾಲ್ಕಲ್ಲ, ನಲವತ್ತು ಜನ ಬಂದರೂ ಆ ಕಲ್ಲುಗೋಡೆ ಏಳುತ್ತಿರಲಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಆದರೂ ಹೆಂಡತಿಯಾದವಳು ಸುಮ್ಮನಿರುತ್ತಾಳೆಯೇ?

ಇನ್ನು ಸಾವಿನ ವಿಷಯ. ನಮ್ಮೂರಿನಲ್ಲಿ ಉಸಿರು ನಿಂತ ಗಳಿಗೆಗೇ ಮೈಯ ಕಾವು ಪೂರ್ತಿ ಎದ್ದು ಹೋಗುತ್ತದೆ. ಹೋಗಿ ಊರೊಳಗೇ ಎಲ್ಲೋ ಒಂದು ಕಡೆ ಕೂರುತ್ತದೆ. ಸತ್ತವರ ಜೀವ ಎಲ್ಲಿತ್ತೋ ಅಲ್ಲಿ. ಮೂರನೆಯ ದಿನದ ಸಂಜೆಯವರೆಗೆ ಅದು ಅಲ್ಲಿರುತ್ತದೆ, ಆಮೇಲೆ ಹರಡಿ ಊರಿಗೆಲ್ಲ ಸೇರಿಬಿಡುತ್ತದೆ. ಅಷ್ಟರೊಳಗೆ ಹುಡುಕಬೇಕು. ಹೂಳಿ ಬಂದ ಕೂಡಲೇ ಊರಿಗೆ ಊರೇ ಬರಿಗಾಲಲ್ಲಿ, ಬರಿಗೈಯಲ್ಲಿ ಹೊರಡುತ್ತದೆ, ಗೋಡೆ, ಕಂಬ, ಪಾತ್ರೆ, ಪೆಟ್ಟಿಗೆ ಎಲ್ಲದರ ಮೇಲೂ ಅಂಗೈ ಇಟ್ಟು ನೋಡುತ್ತದೆ. ಯಾರ ಮನೆಗೂ ಯಾರೂ ಅಡ್ಡ ನಿಲ್ಲುವ ಹಾಗಿಲ್ಲ. ಸತ್ತವರ ಮನೆಯ ಬಾಗಿಲನ್ನು ಅಷ್ಟೂ ದಿನ ಹಾರುಹೊಡೆದೇ ಇಡಬೇಕು, ಕಾವು ತಿರುಗಿ ಬರುವುದಾದರೆ ಬರಲಿ ಅಂತ. ನಮ್ಮತ್ತೆಯ ಕಾವು ಉಪ್ಪಿನ ಭರಣಿಯಲ್ಲಿ ಸಿಕ್ಕಿತು, ಆ ಭರಣಿಯನ್ನು ಜೀವ ಇರುವ ತನಕ ನನ್ನ ಕೈಗೆ ಕೊಟ್ಟವರಲ್ಲ. ಮೇಷ್ಟರದು ಶಾಲೆಯ ಗಂಟೆಯಲ್ಲಿತ್ತು. ಕುಡುಕ ಮರಿಗುಡ್ಡನದು ಎಲ್ಲಿ ಸಿಗಬಹುದು ಅಂತ ಎಲ್ಲರೂ ಮುಸಿಮುಸಿ ನಗುತ್ತ ಹೆಂಡದಂಗಡಿ ಕಡೆ ಹೊರಟಿದ್ದರು. ಸಿಕ್ಕಿದ್ದು ಅವನ ಮನೆಯ ಜಗಲಿಯಲ್ಲಿ, ಹೆಂಡತಿ ದಿನಾ ಅವನಿಗಾಗಿ ಕಾಯುತ್ತ ಕೂರುತ್ತಿದ್ದ ಕಲ್ಲಿನಲ್ಲಿ. ಆ ಕಲ್ಲಿನ ಮೇಲೆ ನಾನೂ ಕೈಯಿಟ್ಟು ನೋಡಿದೆ. ಬಾಣಂತಿಯ ಹಾಸಿಗೆಯಷ್ಟು ಬೆಚ್ಚಗಿತ್ತು. ಅವನ ಹೆಂಡತಿ ಮೂರು ದಿನವೂ ಅದರ ಮೇಲಿಂದ ಏಳಲಿಲ್ಲ. ನನಗೆ ಆಗ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ?

ಹೊಂಬಾಳಯ್ಯನವರು ಹೋದ ದಿನ ಬೆಳಿಗ್ಗೆಯೂ ನಾನು ಬಾಗಿಲಿನ ಮಾತು ತೆಗೆದಿದ್ದೆ. "ನೋಡಾನ" ಅಂದು ಹೋದವರು, ಎಂದೂ ಇಲ್ಲದ್ದು, ಬಿಸಿಲೇರುವ ಮೊದಲೇ ತಿರುಗಿ ಬಂದರು. "ಯಾಕ್ರೀ?" ಅಂದೆ. "ಸುಸ್ತು" ಅಂದು ಬಾಗಿಲ ಪಕ್ಕದ ಅದೇ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರು. ನಾನು ನೀರು ತರಲು ಒಳಗೆ ಹೋದೆ. ಮಾಳಿಗೆಯಿಂದ ಒಂದಿಷ್ಟು ಮಣ್ಣು ಉದುರಿ ತಲೆ ಮೇಲೆ ಬಿತ್ತು, ಹಾಳು ಹೆಗ್ಗಣ ಅಂತ ಬೈದುಕೊಂಡೆ. ಚೊಂಬು ತಂದು ಕೈಗೆ ಕೊಟ್ಟರೆ ಅವರು ಹಿಡಿಯಲಿಲ್ಲ. ಕೈ ಮುಟ್ಟಿದೆ, ತಣ್ಣಗಿತ್ತು, ಅದು ಇದ್ದದ್ದೇ ಹಾಗೆ. ಕೆನ್ನೆ ಮುಟ್ಟಿದಾಗ ತಿಳಿಯಿತು.

ನಾನು ಕೂಗಿದ್ದಕ್ಕೆ ಮೊದಲು ಓಡಿ ಬಂದವಳು ಜವನಮ್ಮ. ಹೊಸ್ತಿಲಲ್ಲಿ ಎಡವಿ ಮುಗ್ಗರಿಸಿ ಒಳಗೆ ಬಿದ್ದಳು. ಆಮೇಲೆ ಬಂದವರೂ ಹಾಗೇ, ಒಬ್ಬರಾದ ಮೇಲೆ ಒಬ್ಬರು ಎಡವಿದರು. ಆಚೆ ಬೀದಿಯಿಂದ ಮಗಳು ನೀಲಿ ಬಂದಳು, ಆಡಿ ಬೆಳೆದ ಮನೆಯ ಹೊಸ್ತಿಲು, ಅವಳೂ ಎಡವಿದಳು. ದುಃಖದಲ್ಲಿ ಕಾಲು ಎಲ್ಲಿ ಇಡುತ್ತೇವೆ ಅಂತ ಯಾರಿಗೆ ಗೊತ್ತಿರುತ್ತದೆ, ಅಂದುಕೊಂಡೆ.

ಹೂಳಿ ಬಂದೆವು. ಹಿರಿಯರಾದ ತೋಂಟಯ್ಯನವರು ನಮ್ಮ ಜಗಲಿಯ ಮೇಲೆ ನಿಂತು, "ಹುಡುಕಿ ಕಣ್ರಪ್ಪ. ಊರಿನ ಜ್ವರ ಎಲ್ಲಾ ಹಿಡ್ದ ಕೈ ಅದು. ಹುಡುಕೋದೇನು ಬಂತು, ನೂರು ಹೆಜ್ಜೆ ದೂರಕ್ಕೇ ಬಿಸಿ ತಾಗುತ್ತೆ" ಅಂದರು. ಎಲ್ಲರಿಗೂ ಹಾಗೇ ಅನ್ನಿಸಿತ್ತು. ಮೊದಲು ಅವರು ಒರಗಿದ್ದ ಗೋಡೆ ನೋಡಿದರು, ತಣ್ಣಗಿತ್ತು. ಹಾಸಿಗೆ, ಕಂಬಳಿ, ಚೊಂಬು, ಕಾಲಿನ ಕೆರ, ಎಲ್ಲ ತಣ್ಣಗೆ. ನಾನು ನನ್ನ ಸೀರೆಗಳ ಗಂಟು ಬಿಚ್ಚಿ ಒಂದೊಂದೇ ಮಡಿಕೆಯೊಳಗೆ ಕೈ ಹಾಕಿ ನೋಡಿದೆ. ಮದುವೆಯ ಸೀರೆಯನ್ನು ಎರಡು ಸಲ ನೋಡಿದೆ. ಆಮೇಲೆ ಹಂಡೆಮನೆಗೆ ಹೋದೆವು. ಹಂಡೆಗಳ ನೀರು ಎಂದಿನಷ್ಟೇ ಬೆಚ್ಚಗಿತ್ತು, ಒಂದು ಎಳೆಯೂ ಹೆಚ್ಚಿರಲಿಲ್ಲ. ಅವರು ಕೂರುತ್ತಿದ್ದ ಮಣೆ ಹಂಡೆಯ ಪಕ್ಕದಲ್ಲೇ ಇತ್ತು. ನೀಲಿ ಅದನ್ನು ಎದೆಗೆ ಒತ್ತಿಕೊಂಡು ನೋಡಿ, ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದಳು.

ಮಾರನೆಯ ದಿನ ಬೆಳಿಗ್ಗೆ ಯಾರೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಎಲ್ಲರ ಮನಸ್ಸಿನಲ್ಲೂ ಏನಿದೆ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ರಾತ್ರಿಯಿಡೀ ನನ್ನ ಮನಸ್ಸಿನಲ್ಲೂ ಅದೇ ಇತ್ತು. ಹಂಡೆಮನೆಯ ಎದುರಿಗೆ ಶಿವನಂಜಿಯ ಮನೆ. ಗಂಡನಿಲ್ಲದವಳು, ಮಂಡಿನೋವಿನವಳು. ಇವರು ದಿನಾ ಅವಳ ಮನೆಗೆ ಒಂದು ಕೊಡ ಬಿಸಿನೀರು ಹೊತ್ತು ಕೊಡುತ್ತಿದ್ದರು, ಇಪ್ಪತ್ತು ವರ್ಷದಿಂದ. ಒಂದು ದಿನ ತಪ್ಪಿಸಿದವರಲ್ಲ. "ಅವ್ಳ ಮಂಡಿ ನೆನಪಿರುತ್ತೆ, ನಮ್ಮನೆ ಮೂಲೆ ನೆನಪಿರಲ್ಲ" ಅಂತ ನಾನು ಆಡದ ಮಾತಿಲ್ಲ. "ಏಳವ್ವ" ಅಂದೆ ನೀಲಿಗೆ, "ಅಲ್ಲೇ ಹೋಗಾನ."

"ಅವ್ವ, ನೀನು ಇಲ್ಲೇ ಇರು. ನಾವು ನೋಡ್ಕೊಂಡು ಬರ್ತೀವಿ."

"ಯಾಕೆ? ನನ್ನ ಗಂಡನ ಕಾವು, ನಾನೇ ಮುಟ್ಟಿ ನೋಡ್ತೀನಿ. ಎಲ್ಲಿದ್ರೂ."

ಶಿವನಂಜಿ ಬಾಗಿಲಲ್ಲೇ ನಿಂತಿದ್ದಳು, ನಾವು ಬರುತ್ತೇವೆ ಅಂತ ಗೊತ್ತಿದ್ದವಳ ಹಾಗೆ. ಪೆಟ್ಟಿಗೆಯ ಮುಚ್ಚಳ ಆಗಲೇ ತೆರೆದಿಟ್ಟಿದ್ದಳು. ಪಾತ್ರೆಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಜೋಡಿಸಿದ್ದಳು. "ನೋಡ್ಕೊಳ್ಳಿ ತಾಯಕ್ಕ" ಅಂದಳು, "ಒಂದೂ ಬಿಡ್ಬೇಡಿ." ನಾನು ಒಂದೂ ಬಿಡಲಿಲ್ಲ. ಬಿಸಿನೀರಿನ ಕೊಡದ ಮೇಲೆ ಎರಡೂ ಕೈಯಿಟ್ಟೆ. ತಣ್ಣಗಿತ್ತು. ಅವಳ ಹಾಸಿಗೆ ತಣ್ಣಗಿತ್ತು, ದಿಂಬು ತಣ್ಣಗಿತ್ತು. ಕೊನೆಗೆ ಮುಟ್ಟಿ ನೋಡುವುದಕ್ಕೆ ಏನೂ ಉಳಿಯಲಿಲ್ಲ. ಅವಳು ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತು, ಮಂಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು.

"ಇದ್ನೂ ನೋಡ್ಬಿಡಿ. ನಿಮ್ಮ ಮನಸ್ಸಲ್ಲಿ ಇಟ್ಕೊಬೇಡಿ."

ಕೂತು ಎರಡೂ ಮಂಡಿ ಹಿಡಿದೆ. ಊದಿಕೊಂಡು ಕಲ್ಲಿನಂತಾಗಿದ್ದವು. ಕಾವು ಇರಲಿಲ್ಲ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ತಲೆ ಎತ್ತಿ ನೋಡಿದರೆ ಅವಳ ಕಣ್ಣಲ್ಲಿ ನೀರು ಧಾರಾಕಾರ.

"ನಂಗೂ ಸಿಕ್ಲಿಲ್ಲ ಕಣಕ್ಕ" ಅಂದಳು. "ನಿನ್ನೆ ನೀವು ಹೂಳೋಕೆ ಹೋದಾಗ್ಲೇ ಮನೆಯೆಲ್ಲಾ ತಡಕಾಡ್ದೆ. ಸಿಕ್ಕಿದ್ರೆ ನಾನೇ ತಂದು ನಿಮ್ಮ ಉಡಿಗೆ ಹಾಕ್ಬೇಕು ಅಂತಿದ್ದೆ. ಅವ್ರು ನೀರು ಇಳಿಸಿ ಒಂದು ಮಾತೂ ಆಡ್ದೆ ಹೋಗೋರು. ಮಾತಾಡಿದ್ರೆ ಒಂದೇ, ಮನೆಯವ್ಳ ಭುಜ ನೋಯ್ತದಂತೆ ಅನ್ನೋರು."

"ಇಲ್ಲೇ ಇದ್ದಿದ್ರೂ ಪರವಾಗಿರ್ಲಿಲ್ಲ ಕಣೇ" ಅಂದೆ, ಅಂದದ್ದು ನಾನೇನಾ ಅನ್ನಿಸಿತು. "ಎಲ್ಲಾದ್ರೂ ಇದ್ರೆ ಸಾಕಾಗಿತ್ತು." ಇಬ್ಬರೂ ಅಲ್ಲೇ ನೆಲದ ಮೇಲೆ ಪಾತ್ರೆಗಳ ನಡುವೆ ಕೂತು ಅತ್ತೆವು. ಅಳು ನಿಂತ ಮೇಲೆ ಅವಳ ಮಂಡಿಗೆ ಬಟ್ಟೆ ಸುತ್ತಿ ಕಟ್ಟಿ ಎದ್ದೆ.

ಆಮೇಲೆ ಹುಡುಕದ ಜಾಗವಿಲ್ಲ. ಬಾವಿಯೊಳಗೆ ಹಗ್ಗ ಕಟ್ಟಿ ಇಳಿದರು. ಹುಡುಗರು ಮರ ಹತ್ತಿ ಒಂದೊಂದು ಕೊಂಬೆ ತಬ್ಬಿಕೊಂಡು ನೋಡಿದರು. ಅವರ ಕೈಯಿಂದ ಜ್ವರ ಇಳಿಸಿಕೊಂಡವರೆಲ್ಲ, ಅಂದರೆ ಊರಿಗೆ ಊರೇ, ಒಬ್ಬರ ಪಾದ ಒಬ್ಬರು ಹಿಡಿದು ನೋಡಿದರು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಊರವರೆಲ್ಲ ಬರಿಗೈಯಲ್ಲಿ ಬೀದಿಗೆ ಬಂದು ಕೂತಿದ್ದರು. ಈಗ ಅವರ ಹೆದರಿಕೆ ಬೇರೆಯಾಗಿತ್ತು. ಹೊಂಬಾಳಯ್ಯನ ಕಾವು ಬಿಸಿಲಿನ ಜೊತೆ ರಾತ್ರಿಯಲ್ಲಿ ಎದ್ದು ಹೊರಗೆ ಹೋಯಿತೇ? ಒಬ್ಬರದು ಹೋದರೆ ಎಲ್ಲರದೂ ಹೋಗಬಹುದು. ಜವನಮ್ಮ ಮೊಮ್ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ನನಗೆ ಊರಿನ ಚಿಂತೆ ಇರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಮನುಷ್ಯ, ಕೊನೆಗೆ ಮನಸ್ಸಿಟ್ಟ ಜಾಗ ಎಲ್ಲೂ ಇರಲಿಲ್ಲವೇ? ಮರಿಗುಡ್ಡನಿಗೂ ಒಂದು ಕಲ್ಲಿತ್ತಲ್ಲ! ಅದೊಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಮನೆಗೆ ಬಂದು ಬಿಂದಿಗೆ ಬಗ್ಗಿಸಲು ಹೋದರೆ ನೆಲವೆಲ್ಲ ಒದ್ದೆ. ಮೂರು ದಿನದಿಂದಲೂ ಹೀಗೇ, ಒಂದೇ ಮಗ್ಗುಲಿಗೆ ತುಳುಕಿ ಚೆಲ್ಲುತ್ತಿತ್ತು, ನೀಲಿ ಒರೆಸಿ ಒರೆಸಿ ಸಾಕಾಗಿದ್ದಳು. "ಚಕ್ಕೆ ಸರಿಯಾಗಿ ಕೊಡಬಾರ್ದಾ?" ಅಂತ ಅವಳ ಮೇಲೆ ಹರಿಹಾಯ್ದೆ. "ಚಕ್ಕೆ ಇದ್ದ ಜಾಗ್ದಲ್ಲೇ ಇದೆ ಅವ್ವ" ಅಂದಳು. ನೋಡುವ ಚೈತನ್ಯ ನನಗಿರಲಿಲ್ಲ.

ಸಂಜೆಯಾಯಿತು. ಮೂರನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರು ಬಾಗಿಲು ಮುಚ್ಚಬೇಕು, ಅಲ್ಲಿಗೆ ಹುಡುಕಾಟ ಮುಗಿಯಿತು ಅಂತ ಲೆಕ್ಕ. ಕಾವು ಸಿಕ್ಕಿದ ಮನೆಯಲ್ಲಿ ಅದು ಸಮಾಧಾನದ ಕೆಲಸ. ಸಿಗದೆ ಬಾಗಿಲು ಮುಚ್ಚಿದವರು ಊರಿನಲ್ಲಿ ನನ್ನ ಮುಂಚೆ ಯಾರೂ ಇರಲಿಲ್ಲ. ಊರವರೆಲ್ಲ ಬೀದಿಯಲ್ಲಿ ನಿಂತಿದ್ದರು, ಶಿವನಂಜಿಯನ್ನೂ ಯಾರೋ ಹೊತ್ತು ತಂದು ಎದುರಿನ ಕಟ್ಟೆಯ ಮೇಲೆ ಕೂರಿಸಿದ್ದರು. ತೋಂಟಯ್ಯನವರು ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಮುಚ್ಚವ್ವ" ಅಂದರು.

ನಾನು ಒಳಗಿನಿಂದ ಬಾಗಿಲು ಹಿಡಿದೆ. ಸಿಟ್ಟು, ದುಃಖ, ನಾಚಿಕೆ ಎಲ್ಲ ಒಟ್ಟಿಗೆ ಉಕ್ಕಿ ಬಂತು. "ಇದನ್ನಾದ್ರೂ ಎತ್ತಿಸಿ ಹೋಗಬಾರ್ದಿತ್ತಾ!" ಅಂತ ಹಲ್ಲು ಕಚ್ಚಿ, ಎಂದಿನ ಹಾಗೆ ಬಲಭುಜ ಒಡ್ಡಿ ಮೇಲಕ್ಕೆತ್ತಿ ಜೀವ ಬಿಟ್ಟು ದಬ್ಬಿದೆ. ಬಾಗಿಲು ನನ್ನ ಮುಂದಿನಿಂದ ಹಾರಿಹೋಯಿತು. ದಬಾರನೆ ಮುಚ್ಚಿಕೊಂಡಿತು, ಅದರ ಹಿಂದೆ ನಾನು ಬೋರಲು ಬೀಳುವುದು ತಪ್ಪಿ ಬಾಗಿಲಿಗೇ ಮುಖ ಬಡಿದುಕೊಂಡು ಕುಕ್ಕರಿಸಿದೆ. ಮಾಳಿಗೆಯಿಂದ ಮಣ್ಣು ಉದುರಿತು. ಹೊರಗೆ "ಅಯ್ಯಯ್ಯೋ!" ಅಂದರು, ನೀಲಿ "ಅವ್ವಾ!" ಅಂತ ಓಡಿ ಬಂದಳು.

"ಸುಮ್ನಿರು" ಅಂದೆ. ಎದ್ದು, ಬಾಗಿಲನ್ನು ಒಂದೇ ಕೈಯಲ್ಲಿ ಎಳೆದೆ. ಬಂತು. ದಬ್ಬಿದೆ. ಹೋಯಿತು. ಎಲ್ಲೂ ಉಜ್ಜಲಿಲ್ಲ, ಸದ್ದೇ ಇಲ್ಲ. ಬಗ್ಗಿ ನೋಡಿದೆ. ನೆಲದ ಮೇಲೆ ಆ ಹಳೇ ಗೀರು ಇತ್ತು, ಅದರ ಮೇಲೆ ಬಾಗಿಲು ಗಾಳಿಯಲ್ಲಿ ನಿಂತಿತ್ತು, ನಡುವೆ ನನ್ನ ಬೆರಳು ಆಡುವಷ್ಟು ಜಾಗ. ಬಾಗಿಲು ತೆರೆದು ಹೊರಗೆ ಬಂದೆ. ಬೀದಿಯವರ ಬಾಯಿ ಮುಚ್ಚಿರಲಿಲ್ಲ. ತೋಂಟಯ್ಯನವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಕಾಲ ಕೆಳಗೆ ನೋಡುತ್ತಿದ್ದರು.

ಹೊಸ್ತಿಲ ಕೆಳಗೆ ಒಂದು ಮೆಟ್ಟಿಲಿತ್ತು. ನಾನು ಮದುವೆಯಾಗಿ ಬಂದ ದಿನ ಬಲಗಾಲಿಟ್ಟು ಹತ್ತಿದ ಮೆಟ್ಟಿಲು. ಮೂಲೆ ಕುಸಿದು ಅದು ನೆಲದೊಳಗೆ ಹೂತು ಹೋಗಿ, ಅಲ್ಲೊಂದು ಮೆಟ್ಟಿಲಿತ್ತು ಅನ್ನುವುದೇ ಮರೆತಿತ್ತು. ಈಗ ಹಸಿ ಮಣ್ಣು ಮೆತ್ತಿಕೊಂಡು ನಾಲ್ಕು ಬೆರಳು ಮೇಲೆ ಬಂದಿತ್ತು. ಬಂದವರ ಕಾಲೆಲ್ಲ ತಾಗಿ ತಾಗಿ ಅದರ ಅಂಚಿನ ಮಣ್ಣು ಮಾತ್ರ ಉದುರಿ ಹೋಗಿತ್ತು.

"ಅದಕ್ಕೇ ಕಣ್ರೇ ನಾವೆಲ್ಲಾ ಎಡವಿದ್ದು!" ಅಂತ ಜವನಮ್ಮ ಚೀರಿದಳು. ಗೋಡೆಯ ಬುಡದಲ್ಲಿ, ಮೂಲೆಯಿಂದ ಆಚೆಗೆ, ಮಣ್ಣು ಬಿರುಕು ಬಿಟ್ಟು ಎದ್ದು ನಿಂತಿತ್ತು. ಮಾಳಿಗೆಯ ಅಂಚು ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಅಷ್ಟು ಕಲ್ಲು, ಅಷ್ಟು ಮಣ್ಣು, ತೊಲೆ, ಬಾಗಿಲವಾಡ, ಎಲ್ಲವನ್ನೂ ಹೊತ್ತುಕೊಂಡು ನನ್ನ ಮನೆ ಮೇಲೆ ಎದ್ದಿತ್ತು. ಅದರೊಳಗೇ ಮೂರು ದಿನ ಓಡಾಡಿದ್ದೆ, ಅಂಗೈ ಇಟ್ಟು ಇಟ್ಟು ಹುಡುಕಿದ್ದೆ.

ನೀಲಿ ಓಡಿ ಹೋಗಿ ಮೂಲೆಯ ಗೋಡೆಗೆ ಎರಡೂ ಕೈ ಒತ್ತಿದಳು. ಅವಳ ಮುಖ ಇಳಿಯಿತು. "ತಣ್ಣಗೇ ಇದೆ ಅವ್ವ. ಇಲ್ಲೂ ಬಿಸಿ ಇಲ್ಲ."

ನನಗೆ ಕೈಕಾಲೆಲ್ಲ ಜುಮ್ಮೆಂದಿತು, ಮಗು ಹುಟ್ಟಿದಾಗ ಆಗುವ ಹಾಗೆ, ಅದಕ್ಕಿಂತ ಜೋರಾಗಿ. ಅನ್ನದ ಮಡಕೆ, ಗುಂಡುಕಲ್ಲು, ಗೋಡೆಗೊರಗಿ ಕೂತ ಆ ಮನುಷ್ಯನ ಅಗಲವಾದ ಕಣ್ಣು, ಎಲ್ಲ ಮುಂದೆ ಬಂದು ನಿಂತಿತು.

"ಬಿಸಿ ಎಲ್ಲಿಂದ ಬರುತ್ತೆ ಮಗಾ?" ಅಂದೆ. "ಎತ್ತೋಕೆ ಹೋಯ್ತಲ್ಲ. ಎತ್ತಿದ್ದಷ್ಟು ಬಿಸಿಯಾಗಿ ಸಿಗಲ್ಲ. ನಿಮ್ಮಪ್ಪನೇ ಹೇಳಿದ್ರು. ಕಳ್ದಿಲ್ಲ ಕಣೇ. ಮನೆ ಮೇಲೆ ಐತಲ್ಲ!"

ತೋಂಟಯ್ಯನವರು ನಿಂತ ಜಾಗದಲ್ಲೇ ಮಂಡಿಯೂರಿ ಮೆಟ್ಟಿಲಿಗೆ ಹಣೆ ಮುಟ್ಟಿಸಿದರು. ಅವರ ಹಿಂದೆ ಬೀದಿಗೆ ಬೀದಿಯೇ ಕೂತಿತು. ಎಷ್ಟೋ ಜನರ ಕಾವು ಹುಡುಕಿದ ಊರು ನಮ್ಮದು. ಕಾವನ್ನು ಕಾವಿನಲ್ಲೇ ಹುಡುಕಬೇಕು ಅಂದುಕೊಂಡು ಬದುಕಿದ ಊರು. ಅವತ್ತು ಒಬ್ಬೊಬ್ಬರೂ ತಮ್ಮ ಕೈ ತಾವೇ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಸಾಲಾಗಿ ಬಂದು ಒಬ್ಬೊಬ್ಬರಾಗಿ ಬಾಗಿಲು ತೆರೆದರು, ಮುಚ್ಚಿದರು. ಹುಡುಗರು ಒಂದು ಬೆರಳಲ್ಲಿ ಮುಚ್ಚಿ ಕುಣಿದರು. ಶಿವನಂಜಿಯನ್ನು ನಾನೇ ತೋಳು ಕೊಟ್ಟು ಮೆಟ್ಟಿಲು ಹತ್ತಿಸಿದೆ. ಅವಳು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಹಾಗೇ ಅದಕ್ಕೆ ಕೆನ್ನೆ ಕೊಟ್ಟು ನಿಂತು, "ಭುಜ ನೋಯ್ತದಂತೆ" ಅಂದಳು, ಅಷ್ಟೇ. ನಾನು ಒಳಗೆ ಹೋಗಿ ಬಿಂದಿಗೆಯ ಅಡಿಯ ಚಕ್ಕೆ ಕಿತ್ತು ತೆಗೆದೆ. ನೀರು ಸಮನಾಗಿ ನಿಂತಿತು.

ಈಗ ಹಂಡೆಮನೆಯಲ್ಲಿ ನೀಲಿ ಕೂರುತ್ತಾಳೆ. ಶಿವನಂಜಿಯ ಕೊಡ ನಾನು ಹೊರುತ್ತೇನೆ, ಅವಳ ಮನೆಯಲ್ಲಿ ಕೂತು ಒಂದಿಷ್ಟು ಹರಟಿ ಬರುತ್ತೇನೆ. ಉಳಿದವರ ಕಾವೆಲ್ಲ ಮೂರು ದಿನಕ್ಕೆ ಹರಡಿ ಊರಿಗೆ ಸೇರಿತು, ಮರಿಗುಡ್ಡನ ಹೆಂಡತಿಯ ಕಲ್ಲೂ ನಾಲ್ಕನೆಯ ದಿನ ತಣ್ಣಗಾಯಿತು. ಹೊಂಬಾಳಯ್ಯನವರದು ಸೇರಲಿಲ್ಲ. ಜೀವಮಾನವೆಲ್ಲ ಊರಿಗೆ ಹಂಚಿದ ಮನುಷ್ಯ, ಕೊನೆಯದನ್ನು ಯಾರೂ ಒಯ್ಯದ ಹಾಗೆ ನನ್ನ ಮನೆಯ ಕೆಳಗೆ ಇಟ್ಟು ಹೋದರು. ಎಷ್ಟು ಮದುವೆಯ ಒಲೆ ಉರಿದರೂ, ಎಷ್ಟು ಕೂಸು ಹುಟ್ಟಿದರೂ ಅದು ಅಲ್ಲಾಡುವುದಿಲ್ಲ. ನಾನು ಅದರ ಮೇಲೆ ಉಣ್ಣುತ್ತೇನೆ, ಮಲಗುತ್ತೇನೆ, ಜವನಮ್ಮನ ಜೊತೆ ಜಗಳ ಆಡುತ್ತೇನೆ.

ದಿನಾ ಸಂಜೆ ಬಾಗಿಲು ಮುಚ್ಚುವಾಗ ಅಭ್ಯಾಸ ಬಿಡದೆ ಬಲಭುಜ ತಾನಾಗಿ ಮುಂದೆ ಬರುತ್ತದೆ. ಎತ್ತುವುದಕ್ಕೆ ಏನೂ ಇರುವುದಿಲ್ಲ. ಆಗ ಪಕ್ಕದ ಗೋಡೆಯ ಮೇಲೆ ಒಂದು ಗಳಿಗೆ ಅಂಗೈ ಇಡುತ್ತೇನೆ. ತಣ್ಣಗಿರುತ್ತದೆ, ಅವರ ಕೈಯ ಹಾಗೇ.